ಬ್ಲಾಕ್ ಕೊರೆಸುವ ಮುನ್ನ ಅಳತೆಯ ಚೀಟಿ ಕೇಳಿ

ಮಾನ್ಯ ಸಂಪಾದಕರೇ,

ಕರ್ಕಶವಾಗಿ ಸದ್ದು ಮಾಡುತ್ತ ಓಡಾಡುವ ಹಳೆಯ ಟೂ-ಸ್ಟ್ರೋಕ್ ಬೈಕುಗಳನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದೆ. ಬಡಾವಣೆಯ ನಿವಾಸಿಗಳ ದೂರು ನ್ಯಾಯವಾದದ್ದೇ. ಅದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಪೋರ್ಟಿಂಗ್ ಎಂದರೆ ಸಿಲಿಂಡರನ್ನು (ಗ್ಯಾರೇಜಿನ ಮಾತಿನಲ್ಲಿ ಬ್ಲಾಕ್) ದೊಡ್ಡದು ಮಾಡಿ ಸಿ.ಸಿ. ಹೆಚ್ಚಿಸುವ ಕೆಲಸ ಎಂಬ ಅರ್ಥ ಬರುವಂತೆ ಅಲ್ಲಿ ಬರೆಯಲಾಗಿದೆ, ಸೈಲೆನ್ಸರಿನ ಒಳಗಿನ ಕೊಳವೆ ತೆಗೆದು ಎಸೆಯುವುದನ್ನೂ ಅದರ ಜೊತೆಗೇ ಸೇರಿಸಲಾಗಿದೆ. ಮೈಸೂರಿನಲ್ಲಿ ಲೇತ್ ಮತ್ತು ಬೋರಿಂಗ್ (ಸವೆದ ಸಿಲಿಂಡರಿನ ಒಳಮೈಯನ್ನು ಮತ್ತೆ ದುಂಡಗೆ ಕೊರೆಯುವ) ಕೆಲಸವನ್ನೇ ನಂಬಿಕೊಂಡು ಬಂದ ನನಗೆ ಈ ಗೊಂದಲ ಸಣ್ಣದಾಗಿ ಕಾಣುವುದಿಲ್ಲ. ಏಕೆಂದರೆ ಇದೇ ಗೊಂದಲ ಬೈಕಿನ ಮಾಲೀಕರಲ್ಲೂ, ಗ್ರೈಂಡರ್ ಹಿಡಿದು ಕೂತ ಅನೇಕ ಮೆಕ್ಯಾನಿಕ್‌ಗಳಲ್ಲೂ ಇದೆ. ಅದರ ಫಲವಾಗಿ, ಇನ್ನು ಮುಂದೆ ಯಾವ ಕಾರ್ಖಾನೆಯೂ ತಯಾರಿಸದ ಮೂಲ ಸಿಲಿಂಡರುಗಳು ಗುಜರಿ ಸೇರುತ್ತಿವೆ.

ಟೂ-ಸ್ಟ್ರೋಕ್ ಎಂಜಿನ್ನಿನ ಹೆಡ್‌ನಲ್ಲಿ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದಲ್ಲಿ, ವಾಲ್ವುಗಳಿರುವುದಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳು, ಅಂದರೆ ಪೋರ್ಟುಗಳು, ಇರುತ್ತವೆ; ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ತಾನೇ ಅವುಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಪಿಸ್ಟನ್ ಕೆಳಗಿಳಿಯುತ್ತಿದ್ದಂತೆ ಮೊದಲು ಎಕ್ಸಾಸ್ಟ್ ಪೋರ್ಟ್ ತೆರೆದು ಉರಿದ ಅನಿಲ ಹೊರಗೆ ನುಗ್ಗುತ್ತದೆ, ಸ್ವಲ್ಪ ತಡೆದು ಪಕ್ಕದ ಟ್ರಾನ್ಸ್‌ಫರ್ ಪೋರ್ಟುಗಳು ತೆರೆದು ಸಿಲಿಂಡರಿನ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಿಕೊಂಡಿದ್ದ ಪೆಟ್ರೋಲ್-ಗಾಳಿಯ ಮಿಶ್ರಣ ಮೇಲಕ್ಕೆ ಬರುತ್ತದೆ. ಈ ಕಿಂಡಿಗಳು ಎಷ್ಟು ಎತ್ತರದಲ್ಲಿವೆ, ಎಷ್ಟು ಅಗಲವಾಗಿವೆ, ಯಾವ ಕಡೆಗೆ ಮುಖ ಮಾಡಿವೆ ಎಂಬುದರ ಮೇಲೆ ಎಂಜಿನ್ನಿನ ಸ್ವಭಾವ ನಿಂತಿದೆ. ಅವುಗಳ ಆಕಾರವನ್ನು ಬದಲಿಸುವುದೇ ಪೋರ್ಟಿಂಗ್. ಅದರಿಂದ ಸಿ.ಸಿ. ಒಂದಿಷ್ಟೂ ಬದಲಾಗುವುದಿಲ್ಲ. ವಿಚಿತ್ರವೆಂದರೆ, ಎಲ್ಲರೂ ರಿಪೇರಿ ಎಂದು ಒಪ್ಪಿಕೊಂಡಿರುವ ಬೋರಿಂಗ್‌ನಲ್ಲೇ ಅದು ಬದಲಾಗುತ್ತದೆ. 50 ಮಿ.ಮೀ. ಬೋರಿನ (ಸಿಲಿಂಡರಿನ ಒಳವ್ಯಾಸದ) 98 ಸಿ.ಸಿ. ಎಂಜಿನ್ನಿಗೆ 1 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ ಅದು ಸುಮಾರು 102 ಸಿ.ಸಿ. ಆಗಿರುತ್ತದೆ, ಅದನ್ನು ಯಾರೂ ಅಪರಾಧವೆಂದು ಬರೆಯುವುದಿಲ್ಲ.

ನಮ್ಮಲ್ಲಿ ಪೋರ್ಟಿಂಗ್ ಎಂದರೆ ಬಹುಪಾಲು ಯಮಾಹಾ ಆರ್‌ಎಕ್ಸ್ 100. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಈ ಬೈಕಿನ ಬೋರ್ 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಕೂಡ 50 ಮಿ.ಮೀ. ಕಂಪನಿ ಕೊಟ್ಟ ಶಕ್ತಿ 7,500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತುಗಳು) 11 ಅಶ್ವಶಕ್ತಿ. ಆ ವೇಗದಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 125 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸಿಗುವುದು 8 ಮಿಲಿಸೆಕೆಂಡ್. ಎಕ್ಸಾಸ್ಟ್ ಪೋರ್ಟ್ ಅರ್ಧ ಸುತ್ತು ತೆರೆದಿರುತ್ತದೆ ಎಂದುಕೊಂಡರೂ ಉರಿದ ಅನಿಲವೆಲ್ಲ ಹೊರಗೆ ಹೋಗಿ ಹೊಸ ಮಿಶ್ರಣ ಒಳಗೆ ಬರಲು ಇರುವ ಕಾಲ 4 ಮಿಲಿಸೆಕೆಂಡ್. 10,000 ಆರ್‌ಪಿಎಂಗೆ ಹೋದರೆ ಅದು 3ಕ್ಕೆ ಇಳಿಯುತ್ತದೆ. ಅಷ್ಟು ಅಲ್ಪ ಕಾಲದಲ್ಲಿ ಅನಿಲ ಹೊರಗೆ ಹೋಗಬೇಕಾದರೆ ಕಿಂಡಿಯನ್ನು ಬೇಗ ತೆರೆಯಬೇಕು ಅಥವಾ ಅಗಲ ಮಾಡಬೇಕು. ಪೋರ್ಟಿಂಗ್‌ನಿಂದ ಶಕ್ತಿ ಬರುವ ಗುಟ್ಟು ಇಷ್ಟೇ. ಮೇಲಿನ ಆರ್‌ಪಿಎಂನಲ್ಲಿ ಎಂಜಿನ್ನಿಗೆ ಉಸಿರಾಡಲು ಸಮಯ ಕೊಡುವುದು.

ಇಲ್ಲಿ ಪ್ರತಿ ಮಿಲಿಮೀಟರಿಗೂ ಲೆಕ್ಕವಿದೆ. 50 ಮಿ.ಮೀ. ಸ್ಟ್ರೋಕಿನ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು 1 ಮಿ.ಮೀ. ಎತ್ತರಿಸಿದರೆ ಅದು ತೆರೆದಿರುವ ಅವಧಿ ಕ್ರ್ಯಾಂಕ್ ತಿರುಗುವ ಕೋನದ ಲೆಕ್ಕದಲ್ಲಿ ಒಟ್ಟು ನಾಲ್ಕೂವರೆ ಡಿಗ್ರಿಯ ಆಸುಪಾಸು ಹೆಚ್ಚುತ್ತದೆ. ಅದೇ 1 ಮಿ.ಮೀ.ಯನ್ನು 75 ಮಿ.ಮೀ. ಸ್ಟ್ರೋಕಿನ ಯೆಜ್ಡಿಯಲ್ಲಿ ತೆಗೆದರೆ ಹೆಚ್ಚುವುದು ಸುಮಾರು ಮೂರೇ ಡಿಗ್ರಿ. ಆದ್ದರಿಂದ ‘ಎಲ್ಲ ಗಾಡಿಗೂ ಎರಡು ಎಂ.ಎಂ. ಎತ್ತು’ ಎಂಬ ಗ್ಯಾರೇಜಿನ ಸೂತ್ರಕ್ಕೆ ತಲೆಬುಡವಿಲ್ಲ. ಎತ್ತರಿಸಿದ್ದಕ್ಕೆ ಬೆಲೆಯೂ ಇದೆ. ಪಿಸ್ಟನ್ ಎಕ್ಸಾಸ್ಟ್ ಪೋರ್ಟನ್ನು ಮುಚ್ಚಿದ ಮೇಲಷ್ಟೇ ಮಿಶ್ರಣ ಒತ್ತಲ್ಪಡುತ್ತದೆ. 50 ಮಿ.ಮೀ. ಬೋರಿನಲ್ಲಿ ಪಿಸ್ಟನ್ನಿನ ಒಂದೊಂದು ಮಿ.ಮೀ. ಚಲನೆಗೂ ಸುಮಾರು 2 ಸಿ.ಸಿ. ಲೆಕ್ಕ. ಲೆಕ್ಕದ ಅನುಕೂಲಕ್ಕೆ ಪೋರ್ಟಿನ ಮೇಲಂಚು ಪಿಸ್ಟನ್ ತಲುಪುವ ಅತಿ ಮೇಲಿನ ಜಾಗದಿಂದ 28 ಮಿ.ಮೀ. ಕೆಳಗಿದೆ ಎಂದಿಟ್ಟುಕೊಂಡರೆ, ಸಿಕ್ಕಿಹಾಕಿಕೊಂಡು ಒತ್ತಲ್ಪಡುವುದು 55 ಸಿ.ಸಿ. ಅದನ್ನು 3 ಮಿ.ಮೀ. ಎತ್ತಿದರೆ 49 ಸಿ.ಸಿ. ಉಳಿಯುತ್ತದೆ. ಹೆಡ್ ಕಟಿಂಗ್ ಮಾಡಿಸಿ (ಹೆಡ್‌ನ ತಳವನ್ನು ಸ್ವಲ್ಪ ಕತ್ತರಿಸಿ ಮಿಶ್ರಣ ಉರಿಯುವ ಜಾಗವನ್ನು ಕಿರಿದು ಮಾಡಿ) ಈ ಕೊರತೆಯನ್ನು ತುಂಬಿಕೊಳ್ಳದಿದ್ದರೆ ಬೈಕಿನ ಕೆಳ ಆರ್‌ಪಿಎಂನ ಎಳೆತ ಸತ್ತೇ ಹೋಗುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವ ಊರಿನ ಬಳಕೆಯಲ್ಲಿ, ಹೀಗೆ ಕೊರೆಸಿದ ಆರ್‌ಎಕ್ಸ್ ಕಂಪನಿ ಸ್ಥಿತಿಯಲ್ಲಿರುವ ಆರ್‌ಎಕ್ಸ್‌ಗಿಂತ ನಿಧಾನ. ಸದ್ದು ಜಾಸ್ತಿ ಇರುವುದರಿಂದ ಓಡಿಸುವವನಿಗೆ ಹಾಗೆ ಅನ್ನಿಸುವುದಿಲ್ಲ, ಅಷ್ಟೇ.

ಎಕ್ಸಾಸ್ಟ್ ಮತ್ತು ಟ್ರಾನ್ಸ್‌ಫರ್ ತೆರೆಯುವುದರ ನಡುವಿನ ಅಂತರ ಇನ್ನೊಂದು ಸೂಕ್ಷ್ಮ. ಸಿಲಿಂಡರಿನೊಳಗಿನ ಒತ್ತಡ ಇಳಿಯುವ ಮೊದಲೇ ಟ್ರಾನ್ಸ್‌ಫರ್ ತೆರೆದರೆ ಉರಿದ ಅನಿಲ ಕೆಳಗೆ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಬ್ಲಾಕಿನ ತಳದಲ್ಲಿರುವ ಬೇಸ್ ಪ್ಯಾಕಿಂಗ್ ಕೆಳಗೆ ದಪ್ಪ ಪ್ಲೇಟ್ ಇಟ್ಟು ಇಡೀ ಬ್ಲಾಕನ್ನೇ ಎತ್ತರಿಸುವ ಸುಲಭದ ಉಪಾಯ ಚಾಲ್ತಿಯಲ್ಲಿದೆಯಲ್ಲ, ಅದರ ದೋಷ ಇಲ್ಲಿದೆ. ಎಲ್ಲ ಪೋರ್ಟುಗಳೂ ಒಟ್ಟಿಗೆ ಮೇಲೇರುವುದರಿಂದ ಈ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಆದರೆ ಆರ್‌ಪಿಎಂ ಏರಿದಾಗ ಅಷ್ಟೇ ಅಂತರಕ್ಕೆ ಸಿಗುವ ಕಾಲ ಕಡಿಮೆಯಾಗುತ್ತದೆ.

ಪೋರ್ಟಿಂಗ್ ಮಾಡಿಸಿ ಹಳೆಯ ಸೈಲೆನ್ಸರನ್ನೇ ಉಳಿಸಿಕೊಂಡರೂ ಕೆಲಸ ಅರ್ಧವೇ. ಎಕ್ಸಾಸ್ಟಿನಲ್ಲಿ ಹೊರಟ ಒತ್ತಡದ ಅಲೆ, ಅಗಲವಾಗುತ್ತ ಹೋಗುವ ಕೊಳವೆಯಲ್ಲಿ ಸಾಗುವಾಗ ಹಿಂದಕ್ಕೆ ಎಳೆತವನ್ನು ಉಂಟುಮಾಡುತ್ತದೆ. ಮುಂದೆ ಕಿರಿದಾಗುವ ಭಾಗಕ್ಕೆ ಬಡಿದು ಹಿಂದಿರುಗಿದಾಗ, ಹೊರಗೆ ಸೋರಿದ ಹೊಸ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮೊದಲೇ ಸಿಲಿಂಡರಿಗೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಈ ಅಲೆಯನ್ನೂ ಪೋರ್ಟುಗಳನ್ನೂ ಒಟ್ಟಿಗೆ ಪಳಗಿಸಿ, 1961ರ ಹೊತ್ತಿಗೆ 125 ಸಿ.ಸಿ. ರೇಸ್ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದರು. ಅಂದರೆ ಲೀಟರಿಗೆ 200. ಅದೇ ವರ್ಷ ಅವರ ತಂಡದ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನ ಸಮಯದಲ್ಲಿ ಪಶ್ಚಿಮಕ್ಕೆ ಪಲಾಯನ ಮಾಡಿ ಸುಜುಕಿ ಸೇರಿದರು. ಮರುವರ್ಷ ಸುಜುಕಿಗೆ 50 ಸಿ.ಸಿ. ವಿಶ್ವ ಪ್ರಶಸ್ತಿ ಬಂತು. ಜಪಾನಿನ ಟೂ-ಸ್ಟ್ರೋಕ್‌ಗಳ ಮುಂದಿನ ಕಥೆಯಲ್ಲಿ ಈ ಜ್ಞಾನದ ಪಾಲು ದೊಡ್ಡದು. ಪೋರ್ಟ್ ತೆರೆದಿರುವ ಅವಧಿಗೂ ಸೈಲೆನ್ಸರಿನ ಉದ್ದಕ್ಕೂ ಇರುವ ಈ ಹೊಂದಾಣಿಕೆ ತಿಳಿಯದೆ, ಒಳಗಿನ ಕೊಳವೆ ಕಿತ್ತೆಸೆದ ಸೈಲೆನ್ಸರ್ ಇಟ್ಟುಕೊಂಡು ಓಡಿಸುವವರು ಸದ್ದಿಗೆ ದುಡ್ಡು ಕೊಟ್ಟಿರುತ್ತಾರೆ, ಶಕ್ತಿಗಲ್ಲ.

ಈಚೆಗೆ ನನ್ನ ಬಳಿ ಬಂದ ಒಂದು ಆರ್‌ಎಕ್ಸ್ ಬ್ಲಾಕನ್ನು ಕುರಿತು ಹೇಳಬೇಕು. ಬೇರೆ ಕಡೆ ಪೋರ್ಟಿಂಗ್ ಮಾಡಿಸಿದ ಹುಡುಗನಿಗೆ ಮೊದಲು ಪಿಕಪ್ ಚೆನ್ನಾಗಿಯೇ ಬಂದಿತ್ತಂತೆ, ಆಮೇಲೆ ‘ಟಕ್ ಟಕ್’ ಎನ್ನುವ ಸದ್ದು ಶುರುವಾಯಿತಂತೆ. ಬೋರಿನೊಳಗೆ ಲೈಟ್ ಬಿಟ್ಟು ನೋಡಿದರೆ ಎಕ್ಸಾಸ್ಟ್ ಪೋರ್ಟಿನ ಮೇಲಿನ ಎರಡು ಮೂಲೆಗಳು ಕಿಟಕಿಯ ಮೂಲೆಗಳಂತೆ ನೆಟ್ಟಗೆ ಕೊರೆಯಲ್ಪಟ್ಟಿದ್ದವು. ಅಗಲವನ್ನು ವರ್ನಿಯರ್‌ನಲ್ಲಿ ಹಿಡಿದರೆ 38 ಮಿ.ಮೀ., ಅಂದರೆ ಬೋರಿನ ಮುಕ್ಕಾಲು ಭಾಗಕ್ಕೂ ಹೆಚ್ಚು. ನಡುವೆ ಕಂಬವಿಲ್ಲದ ಒಂಟಿ ಪೋರ್ಟ್ ಇಷ್ಟು ಅಗಲವಾದಾಗ ಪಿಸ್ಟನ್ನಿನ ಸುತ್ತಲಿನ ರಿಂಗ್ ಹೊರಕ್ಕೆ ಉಬ್ಬಿ ಪೋರ್ಟಿನೊಳಗೆ ಇಣುಕುತ್ತದೆ. ಮೇಲಂಚು ಬಿಲ್ಲಿನಂತೆ ಬಾಗಿದ್ದರೆ ಅದು ರಿಂಗನ್ನು ಮೆಲ್ಲಗೆ ಒಳಕ್ಕೆ ತಳ್ಳುತ್ತದೆ, ನೇರವಾಗಿದ್ದರೆ ಕತ್ತರಿಸುತ್ತದೆ. ಇಲ್ಲಿ ಕತ್ತರಿಸಿತ್ತು. ಮುರಿದ ರಿಂಗಿನ ತುಂಡು ಹೆಡ್‌ಗೆ ಬಡಿದು ಪಿಸ್ಟನ್ ತಲೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಗುಳಿ ಬಿದ್ದಿತ್ತು, ಪೋರ್ಟಿನಿಂದ ಮೇಲಕ್ಕೆ ಉಗುರಿಗೆ ತಾಗುವಷ್ಟು ಆಳದ ಗೀರುಗಳು ಓಡಿದ್ದವು. ಎರಡು ಟ್ರಾನ್ಸ್‌ಫರ್ ಪೋರ್ಟುಗಳ ಪೈಕಿ ಎಡಗಡೆಯದು ಬಲಗಡೆಯದಕ್ಕಿಂತ ಒಂದೂವರೆ ಮಿ.ಮೀ. ಎತ್ತರವಾಗಿತ್ತು. ಎರಡೂ ಕಡೆಯಿಂದ ಒಟ್ಟಿಗೆ ಹೊರಟು, ಹಿಂಬದಿಯ ಗೋಡೆಗೆ ತಾಗಿ ಮೇಲಕ್ಕೆ ತಿರುಗಿ ಉರಿದ ಅನಿಲವನ್ನು ಹೊರದಬ್ಬಬೇಕಾದ ಮಿಶ್ರಣ, ಹೀಗೆ ಒಂದು ಕಡೆಯಿಂದ ಮೊದಲೇ ಬಂದರೆ ಅಡ್ಡ ಹರಿದು ನೇರವಾಗಿ ಎಕ್ಸಾಸ್ಟಿಗೆ ಹೋಗುತ್ತದೆ. ಆ ಹುಡುಗ ಮೈಲೇಜಿನ ಬಗ್ಗೆ ದೂರಿದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಇಂಥ ಬ್ಲಾಕನ್ನು ಉಳಿಸುವ ದಾರಿ ಎಂದರೆ ವೆಲ್ಡಿಂಗ್. ಗ್ರೈಂಡರಿಗೆ ಲೋಹವನ್ನು ತೆಗೆಯುವುದು ಮಾತ್ರ ಗೊತ್ತು. ಹಾಕಬೇಕಾದರೆ ಆರ್ಗಾನ್ ವೆಲ್ಡರ್ ಬೇಕು. ಆರ್‌ಎಕ್ಸ್ ಸಿಲಿಂಡರಿನ ಹೊರಮೈ ಅಲ್ಯೂಮಿನಿಯಂ, ಒಳಗಿನ ಸ್ಲೀವ್ ಬೀಡು ಕಬ್ಬಿಣ. ಕಿಂಡಿಯ ಬಾಯಿ ಸ್ಲೀವ್‌ನಲ್ಲಿದೆ, ಅದರ ಹಿಂದಿನ ದಾರಿ ಅಲ್ಯೂಮಿನಿಯಂನಲ್ಲಿದೆ. ಹೆಚ್ಚಾಗಿ ಕೊರೆದುಹೋದ ಎಕ್ಸಾಸ್ಟ್ ದಾರಿಯ ಛಾವಣಿಗೆ ಅಲ್ಯೂಮಿನಿಯಂ ತುಂಬಿ, ಹಳೆಯ ಸ್ಲೀವ್ ತೆಗೆದು ಹೊಸದನ್ನು ಒತ್ತಿ ಕೂರಿಸಿ, ಅದರಲ್ಲಿ ಸರಿಯಾದ ಎತ್ತರಕ್ಕೆ ಕಿಂಡಿ ಕತ್ತರಿಸಿದರೆ ಬ್ಲಾಕ್ ಮರಳಿ ಬಳಕೆಗೆ ಬರುತ್ತದೆ. ಶಕ್ತಿಗಾಗಿ ಕೆಲಸ ಮಾಡುವವರೂ ವೆಲ್ಡಿಂಗನ್ನು ಬೇರೆ ಬೇರೆ ಕಡೆ ಬಳಸುತ್ತಾರೆ. ಹೆಡ್‌ನ ಗುಮ್ಮಟವನ್ನು ತುಂಬಿ, ಸುತ್ತ ಚಪ್ಪಟೆ ಪಟ್ಟಿ ಬರುವಂತೆ ಲೇತ್‌ನಲ್ಲಿ ಮತ್ತೆ ಕತ್ತರಿಸುತ್ತಾರೆ. ಟ್ರಾನ್ಸ್‌ಫರ್ ದಾರಿಯನ್ನು ಅಗಲ ಮಾಡುವ ಮುನ್ನ ಅದರ ಹೊರಗೋಡೆಗೆ ಲೋಹ ಸೇರಿಸುತ್ತಾರೆ. ಬ್ಲಾಕಿನ ತಳದಲ್ಲಿ ಪ್ಯಾಕಿಂಗ್ ಕೂರುವ ಜಾಗ ತೆಳುವಾಗದಂತೆ ಅಲ್ಲೂ ತುಂಬುತ್ತಾರೆ. ಈ ಕೊನೆಯದು ಸಣ್ಣ ವಿಷಯವಲ್ಲ. ದಾರಿ ಅಗಲವಾಗಿ ಪ್ಯಾಕಿಂಗಿನ ಅಂಚು ದಾಟಿದರೆ ಅಲ್ಲಿಂದ ಹೊರಗಿನ ಗಾಳಿ ಕ್ರ್ಯಾಂಕ್‌ಕೇಸಿಗೆ ಸೇರುತ್ತದೆ, ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ಕಡಿಮೆಯಾಗುತ್ತದೆ, ಪೆಟ್ರೋಲಿನ ಜೊತೆ ಬರಬೇಕಾದ ತಂಪೂ ಕಡಿಮೆಯಾಗಿ ಪಿಸ್ಟನ್ ಜಾಮ್ ಆಗುತ್ತದೆ. ಹೆದ್ದಾರಿಯಲ್ಲಿ ಹಿಂದಿನ ಚಕ್ರ ಹಠಾತ್ತನೆ ಹಿಡಿದುಕೊಂಡು ಬಿದ್ದವರ ಬಗ್ಗೆ ಓದುಗರು ಕೇಳಿರಬಹುದು.

ಅಲ್ಯೂಮಿನಿಯಂ ವೆಲ್ಡಿಂಗ್ ಕಬ್ಬಿಣದ ವೆಲ್ಡಿಂಗಿನಂತಲ್ಲ. ಲೋಹ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆದರೆ ಅದರ ಮೇಲಿನ ಆಕ್ಸೈಡಿನ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಬೇಕು. ಆದ್ದರಿಂದಲೇ ಆ ಪೊರೆಯನ್ನು ಒಡೆಯುವ ಎ.ಸಿ. ಕರೆಂಟಿನ ಟಿಗ್ (ಆರ್ಗಾನ್ ವೆಲ್ಡಿಂಗ್) ಯಂತ್ರ ಬೇಕಾಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಎಣ್ಣೆಯದು. ಮೂವತ್ತು ವರ್ಷ 2ಟಿ ಆಯಿಲ್ ಕುಡಿದ ಎರಕದ ಲೋಹದ ಸೂಕ್ಷ್ಮ ರಂಧ್ರಗಳಲ್ಲಿ ಅದು ಕೂತಿರುತ್ತದೆ. ಆರ್ಕ್ ತಾಗಿದ ಕೂಡಲೇ ಕಪ್ಪಾಗಿ ಕುದಿದು ಮೇಲೆ ಬಂದು ವೆಲ್ಡನ್ನು ಜಾಳುಜಾಳು ಮಾಡುತ್ತದೆ. ಬ್ಲಾಕನ್ನು ತೊಳೆದು, ಓವನ್‌ನಲ್ಲಿ ಕಾಯಿಸಿ ಎಣ್ಣೆ ಹೊರಬರಿಸಿ, ಮತ್ತೆ ತೊಳೆಯುವ ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು. ಕಾದ ಬ್ಲಾಕಿನಲ್ಲಿ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ, ಸ್ಲೀವ್‌ನ ಹಿಡಿತ ಸಡಿಲವಾಗುತ್ತದೆ, ತಣಿದಾಗ ಬೋರ್ ದುಂಡಗೆ ಉಳಿದಿರುವುದಿಲ್ಲ. ಪಿಸ್ಟನ್ನಿಗೂ ಬೋರಿಗೂ ನಡುವೆ ಇರಬೇಕಾದ ಸಂದು ಒಂದು ಮಿಲಿಮೀಟರಿನ ನೂರನೇ ನಾಲ್ಕೈದು ಭಾಗ ಮಾತ್ರ, ಸೊಟ್ಟಗಾದ ಬೋರಿನಲ್ಲಿ ಅದು ಒಂದೆಡೆ ಇರುತ್ತದೆ, ಇನ್ನೊಂದೆಡೆ ಇರುವುದಿಲ್ಲ. ಆದ್ದರಿಂದ ಕ್ರಮ ಬಹಳ ಮುಖ್ಯ. ಮೊದಲು ವೆಲ್ಡಿಂಗ್, ಅದು ಪೂರ್ತಿ ತಣಿದ ಮೇಲೆ ತಳ ಮತ್ತು ಮೇಲಿನ ಮುಖಗಳನ್ನು ಸಮತಟ್ಟು ಮಾಡುವುದು, ನಂತರ ಸ್ಲೀವ್ ಮತ್ತು ಬೋರಿಂಗ್, ಅನಂತರ ಪೋರ್ಟ್, ಕಡೆಗೆ ಹೋನಿಂಗ್, ಅಂದರೆ ಬೋರಿನ ಒಳಮೈಯನ್ನು ಕಲ್ಲಿನಿಂದ ನಯ ಮಾಡುವುದು. ಬೋರಿಂಗ್ ಮುಗಿಸಿಕೊಂಡು ಬಂದ ಬ್ಲಾಕಿಗೆ ‘ಇಲ್ಲೊಂದು ಚೂರು ವೆಲ್ಡ್ ಹಚ್ಚಿಬಿಡಿ’ ಎಂದು ಕೇಳುವವರನ್ನು ನಾನು ಬರಿಗೈಯಲ್ಲಿ ವಾಪಸು ಕಳಿಸುತ್ತೇನೆ. ಜಿಪುಣತನ ಎಂದು ಬೈದುಕೊಂಡು ಹೋಗುತ್ತಾರೆ, ಹೋಗಲಿ.

ಪೋರ್ಟ್ ಕತ್ತರಿಸಿದ ಮೇಲೆ ಅಂಚಿನ ಹರಿತವನ್ನು ಸಣ್ಣ ಕಲ್ಲು, ಎಮರಿ ಕಾಗದಗಳಿಂದ ಕೈಯಲ್ಲೇ ಉಜ್ಜಿ ತೆಗೆಯಬೇಕು. ಬೆರಳು ಸವರಿದರೆ ಎಲ್ಲೂ ಹಿಡಿಯಬಾರದು. ಯಂತ್ರಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಇದೇ, ಗಡಿಬಿಡಿಯಲ್ಲಿ ಬಿಟ್ಟುಹೋಗುವುದೂ ಇದೇ.

ಮೈಸೂರಿನವನಾಗಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳ ಬಗ್ಗೆ ಒಂದು ಮಾತು ಸೇರಿಸದಿರಲಾರೆ. 1961ರಿಂದ 1996ರವರೆಗೆ ಅಲ್ಲಿಂದ ಹೊರಬಂದ 250 ಸಿ.ಸಿ. ಜಾವಾ ಮತ್ತು ಯೆಜ್ಡಿಗಳು ಇವತ್ತಿಗೂ ನಮ್ಮ ಬೀದಿಗಳಲ್ಲಿ ಓಡುತ್ತಿವೆ, ಅವುಗಳಿಗೂ ಪೋರ್ಟಿಂಗ್ ಮಾಡಿಸುವ ಗೀಳು ಈಗ ಹಬ್ಬಿದೆ. ಇವುಗಳಲ್ಲಿ ಇಂಧನ ಒಳಬರುವ ಕಿಂಡಿಯನ್ನೂ ಪಿಸ್ಟನ್ನಿನ ಕೆಳಭಾಗವೇ ತೆರೆದು ಮುಚ್ಚುತ್ತದೆ. ಆರ್‌ಎಕ್ಸ್‌ನಲ್ಲಿರುವ, ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ರೀಡ್ ವಾಲ್ವ್ ಇಲ್ಲ. ಕಿಂಡಿಯ ಕೆಳಂಚನ್ನು ಅತಿಯಾಗಿ ಇಳಿಸಿದರೆ ಬಂದ ಮಿಶ್ರಣ ಕಾರ್ಬುರೇಟರಿಗೇ ಹಿಂದಿರುಗಿ ಉಗುಳುತ್ತದೆ. ಹಳೆಯ ಜಾವಾದ ಸಿಲಿಂಡರ್ ಪೂರ್ತಿ ಬೀಡು ಕಬ್ಬಿಣದ್ದು. ಅದಕ್ಕೆ ವೆಲ್ಡಿಂಗ್ ಮಾಡಬೇಕಾದರೆ ಇಡೀ ಬ್ಲಾಕನ್ನು ಚೆನ್ನಾಗಿ ಕಾಯಿಸಿ, ನಿಕಲ್ ರಾಡಿನಿಂದ ಸ್ವಲ್ಪ ಸ್ವಲ್ಪವೇ ಹಚ್ಚಿ, ಬೂದಿಯಲ್ಲೋ ಒಣ ಸುಣ್ಣದಲ್ಲೋ ಹೂತಿಟ್ಟು ನಿಧಾನವಾಗಿ ತಣಿಸಬೇಕು. ಬೇಗ ತಣಿದರೆ ವೆಲ್ಡಿನ ಪಕ್ಕದ ಲೋಹ ಫೈಲ್ ಹಿಡಿಯದಷ್ಟು ಗಡುಸಾಗಿ ಬಿರುಕು ಬಿಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮುರಿದ ಫಿನ್ (ಬ್ಲಾಕನ್ನು ತಂಪಾಗಿಡುವ ಹೊರಗಿನ ಪಟ್ಟಿ) ಕೂರಿಸುವುದಕ್ಕಲ್ಲದೆ ಬೇರೆ ಕಾರಣಕ್ಕೆ ಜಾವಾದ ಬ್ಲಾಕನ್ನು ವೆಲ್ಡರ್ ಬಳಿ ಒಯ್ಯಬಾರದು.

ಕಾನೂನಿನ ಮಾತು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸಿ.ಸಿ. ಬದಲಾಗಿಲ್ಲ ಎಂಬ ಸಬೂಬು ಹೊಗೆಗೂ ಸದ್ದಿಗೂ ಉತ್ತರವಾಗಲಾರದು. ರೇಸ್‌ಗೆ ಕಟ್ಟಿದ ಎಂಜಿನ್ನಿನ ಜಾಗ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈನಂಥ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಟ್ರ್ಯಾಕ್. ಅಲ್ಲಿಗೆ ಹೋಗುವವರಿಗಾಗಿ ಈ ಕೆಲಸ ಮಾಡಲು ನನ್ನ ಅಭ್ಯಂತರವಿಲ್ಲ. ಊರೊಳಗೆ ಓಡಿಸುವವರಿಗೆ ನಾನು ಹೇಳುವುದು ಬೇರೆ. ಹೊಸ ರಿಂಗ್, ಕಾರ್ಬುರೇಟರಿನ ಸರಿಯಾದ ಜೆಟ್ಟಿಂಗ್, ಇಂಗಾಲ ಕೆರೆದು ಶುಚಿ ಮಾಡಿದ ಎಕ್ಸಾಸ್ಟ್ ಪೋರ್ಟ್, ಸೋರದ ಕ್ರ್ಯಾಂಕ್ ಸೀಲ್, ಇಷ್ಟಿದ್ದರೆ ಕಂಪನಿ ಕೊಟ್ಟ 11 ಅಶ್ವಶಕ್ತಿ ಮರಳಿ ಸಿಗುತ್ತದೆ. ‘ಪವರ್ ಸಾಲದು’ ಎಂದು ಬರುವ ಬಹುತೇಕ ಬೈಕುಗಳಲ್ಲಿ ಕಳೆದುಹೋಗಿರುವುದೇ ಅದು.

ಹಾಗಿದ್ದೂ ಕೊರೆಸಿಯೇ ತೀರುತ್ತೇನೆ ಎನ್ನುವವರು ಕನಿಷ್ಠ ಒಂದು ಅಳತೆಯ ಚೀಟಿ ಕೇಳಿ ಪಡೆಯಬೇಕು ಎಂಬುದು ಈ ದೀರ್ಘ ಪತ್ರದ ಕೋರಿಕೆ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ವಿವರ ಬರೆದುಕೊಡುತ್ತಾರೆ, ಬೋರಿಂಗ್ ಮಾಡುವವರು ಕೂಡ ಸೈಜನ್ನು ಬಿಲ್ಲಿನಲ್ಲಿ ಬರೆಯುತ್ತಾರೆ. ಪೋರ್ಟಿಂಗ್‌ಗೆ ಮಾತ್ರ ಯಾವ ದಾಖಲೆಯೂ ಇರುವುದಿಲ್ಲ, ಮುಂದಿನ ಮೆಕ್ಯಾನಿಕ್ ಕುರುಡನಂತೆ ಕೆಲಸ ಮಾಡಬೇಕಾಗುತ್ತದೆ. ಕ್ರ್ಯಾಂಕಿಗೆ ಕೋನ ಅಳೆಯುವ ಡಿಗ್ರಿ ವೀಲ್ ಕಟ್ಟಿ, ಪಿಸ್ಟನ್ನಿನ ಚಲನೆ ಅಳೆಯುವ ಡಯಲ್ ಗೇಜ್ ಇಟ್ಟು, ಕೊರೆಯುವ ಮೊದಲು ಮತ್ತು ಕೊರೆದ ಮೇಲೆ ಎಕ್ಸಾಸ್ಟ್ ಹಾಗೂ ಎರಡೂ ಟ್ರಾನ್ಸ್‌ಫರ್‌ಗಳು ಎಷ್ಟು ಡಿಗ್ರಿಗೆ ತೆರೆಯುತ್ತವೆ, ಎಕ್ಸಾಸ್ಟಿನ ಅಗಲ ಎಷ್ಟು, ಬೇಸ್ ಪ್ಯಾಕಿಂಗಿನ ದಪ್ಪ ಎಷ್ಟು, ಹೆಡ್‌ನಿಂದ ತೆಗೆದದ್ದು ಎಷ್ಟು ಎಂದು ಬರೆದುಕೊಡಲು ಅರ್ಧ ಗಂಟೆಯೂ ಬೇಕಾಗುವುದಿಲ್ಲ. ಡಿಗ್ರಿ ವೀಲ್ ಇಲ್ಲದ ಅಂಗಡಿಯಲ್ಲಿ ಬ್ಲಾಕ್ ಬಿಚ್ಚಿಸಲೇಬಾರದು. ವೆಲ್ಡಿಂಗ್ ಮಾಡಿಸಿದ್ದರೆ ಎಲ್ಲಿ ಮಾಡಿಸಿದ್ದು, ಬೋರಿಂಗಿಗೆ ಮೊದಲೋ ನಂತರವೋ ಎಂಬುದನ್ನೂ ಅದೇ ಚೀಟಿಯಲ್ಲಿ ನಮೂದಿಸಬೇಕು. ಅದು ತಿಳಿಯದಿದ್ದರೆ ಮುಂದಿನ ಸಲ ಸ್ಲೀವ್ ಬದಲಿಸಲು ಬ್ಲಾಕನ್ನು ಕಾಯಿಸುವಾಗ ತುಂಬಿದ ಲೋಹದ ಜಾಗದಲ್ಲೇ ಬಿರುಕು ಬಿಡುವ ಸಂಭವವಿದೆ.

ಇತಿ ತಮ್ಮ ವಿಶ್ವಾಸಿ,
ಬೋರಿಂಗ್ ಕೆಲಸಗಾರ, ಮೈಸೂರು